ಬ್ಯಾನರಿನಲ್ಲಿ ಇರುವವರು, ಕಥೆಯಲ್ಲಿ ಇಲ್ಲದವರು

ಬಿ.ಸಿ.ರೋಡಿನಿಂದ ಬಂಟ್ವಾಳ ಪೇಟೆ ದಾಟಿ, ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ. ಅಲ್ಲಿಂದ ವೇಣೂರಿನ ಮೇಲೆ ಗುರುವಾಯನಕೆರೆಗೆ. ಮತ್ತೆ ಬೆಳ್ತಂಗಡಿ, ಉಜಿರೆಗೆ. ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ಈ ದಾರಿಯಲ್ಲಿ ಬಸ್ಸಿನ ಕಿಟಕಿ ಬದಿಯಲ್ಲಿ ಕುಳಿತವರಿಗೆ ಓದಲು ಬೇರೆ ಪುಸ್ತಕ ಬೇಡ. ವೃತ್ತ ವೃತ್ತದಲ್ಲೂ ಬ್ಯಾನರುಗಳು. ಅವುಗಳಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರ ನಗುವ ಮುಖಗಳು. ಮುಖದ ಕೆಳಗೆ ಹೆಸರು, ಹೆಸರಿನ ಕೆಳಗೆ ಕಂಪೆನಿ, ಅದರ ಕೆಳಗೆ ವರ್ಷಕ್ಕೆ ಇಷ್ಟು ಲಕ್ಷ ಎಂಬ ಅಂಕಿ.

ಕಥೆ ಬರೆಯುವ ನಮಗೆ ಕಣ್ಣಿಗೆ ಬಿದ್ದ ಬರಹವನ್ನೆಲ್ಲ ಓದುವ ಚಟ. ಈ ಬ್ಯಾನರುಗಳನ್ನೂ ಹಾಗೇ ಓದುತ್ತ ಬಂದಿದ್ದೇವೆ. ಎಷ್ಟು ಓದಿದರೂ ಒಂದು ಸಂಗತಿ ಮಾತ್ರ ಸಿಕ್ಕಿಲ್ಲ. ಈ ಮಕ್ಕಳು ನಾಳೆಯಿಂದ ಮಾಡುವ ಕೆಲಸವೇನು? ಬೆಳಿಗ್ಗೆ ಎದ್ದು ಹೋಗಿ ಯಾವುದನ್ನು ಮುಟ್ಟುತ್ತಾರೆ, ಯಾವುದನ್ನು ಕಟ್ಟುತ್ತಾರೆ, ಯಾವುದನ್ನು ರಿಪೇರಿ ಮಾಡುತ್ತಾರೆ? ಬ್ಯಾನರಿನಲ್ಲಿ ನಾಮಪದಗಳಿವೆ, ಸಂಖ್ಯೆಗಳಿವೆ. ಕ್ರಿಯಾಪದ ಇರುವುದು ಒಂದೇ: 'ಆಯ್ಕೆಯಾಗಿದ್ದಾರೆ'. ಅದೂ ಇನ್ನೊಬ್ಬರು ಮಾಡಿದ ಕ್ರಿಯೆ. ಆಯ್ಕೆಯಾದವನು ಏನನ್ನಾದರೂ ಮಾಡುತ್ತಾನೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಇದನ್ನು ತಮಾಷೆಗಾಗಿ ಹೇಳುತ್ತಿಲ್ಲ. ಆ ಬ್ಯಾನರಿನ ಬೆಲೆ ನಮಗೆ ಗೊತ್ತು. ಬಂಟ್ವಾಳ ಸೀಮೆಯಲ್ಲಿ ಬೀಡಿ ಕಟ್ಟಿದ ಹಣದಿಂದ ಮಕ್ಕಳ ಶಾಲೆಯ ಫೀಸು ಕಟ್ಟಿದ ತಾಯಂದಿರು ಎಷ್ಟು ಮಂದಿ ಎಂಬುದನ್ನು ಲೆಕ್ಕ ಹಾಕಿದವರಿಲ್ಲ. ಗಲ್ಫ್‌ನಿಂದ ತಂದೆ ಕಳುಹಿಸಿದ ಡ್ರಾಫ್ಟಿನ ಮೇಲೆ ನಿಂತ ಮನೆಗಳೂ ಅಷ್ಟೇ. ಅಂಥ ಮನೆಯ ಮಗನ ಮುಖ ನಾಲ್ಕು ರಸ್ತೆ ಕೂಡುವಲ್ಲಿ ದೊಡ್ಡದಾಗಿ ಕಂಡರೆ ಆ ತಾಯಿಗೆ ಆಗುವ ಸಂತೋಷವನ್ನು ಗೇಲಿ ಮಾಡುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ. 2006ರ ನವೆಂಬರಿನಲ್ಲಿ ಸಾಚಾರ್ ಸಮಿತಿ ತನ್ನ ವರದಿಯನ್ನು ಕೊಟ್ಟಾಗ, ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ 25 ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂಬ ಮಾತು ಅದರಲ್ಲಿತ್ತು. ಆ ಲೆಕ್ಕವನ್ನು ಓದಿ ತಲೆ ತಗ್ಗಿಸಿದ ಪೀಳಿಗೆ ನಮ್ಮದು. ಆದ್ದರಿಂದಲೇ ಬ್ಯಾನರಿನ ಮುಖಗಳಲ್ಲಿ ನಮ್ಮವರ ಹೆಸರು ಕಂಡಾಗ ಬಸ್ಸು ಮುಂದೆ ಹೋದರೂ ನಾವು ಹಿಂದಕ್ಕೆ ತಿರುಗಿ ನೋಡುತ್ತೇವೆ.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಕಲಿತವರು. ಆಗ ಇಂಜಿನಿಯರಿಂಗ್ ಎಂದರೆ ಸುರತ್ಕಲ್. 1960ರಲ್ಲಿ ಹುಟ್ಟಿದ ಕೆ.ಆರ್.ಇ.ಸಿ., ಈಗಿನ ಎನ್.ಐ.ಟಿ.ಕೆ. ಅದು ನಮಗೆ ಸಮುದ್ರದ ಆಚೆಗಿನ ಊರಿನಷ್ಟೇ ದೂರವಿತ್ತು. 2001ರಲ್ಲಿ ಬಂಟ್ವಾಳದ ಬೆಂಜನಪದವಿನಲ್ಲಿ ಕೆನರಾ ಇಂಜಿನಿಯರಿಂಗ್ ಕಾಲೇಜು ಬಂತು. 2007ರಲ್ಲಿ ಉಜಿರೆಯಲ್ಲಿ ಎಸ್.ಡಿ.ಎಂ., ಅದೇ ವರ್ಷ ಮೂಡುಬಿದಿರೆಯ ಬಡಗ ಮಿಜಾರಿನಲ್ಲಿ ಮೈಟ್, 2008ರಲ್ಲಿ ಮಿಜಾರಿನಲ್ಲಿ ಆಳ್ವಾಸ್, ತೋಡಾರಿನಲ್ಲಿ ಯೆನೆಪೋಯ. ಹತ್ತು ವರ್ಷದೊಳಗೆ ಇಂಜಿನಿಯರಿಂಗ್ ಕಾಲೇಜು ನಮ್ಮ ಹಿತ್ತಿಲಿಗೆ ಬಂತು. ಇದು ಸಣ್ಣ ಸಂಗತಿಯಲ್ಲ. ಮನೆಯಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದು ಎಂಬ ಒಂದೇ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳು ಇಂಜಿನಿಯರ್ ಆದರು.

ಕಾಲೇಜು ಹತ್ತಿರ ಬಂತು. ಕೆಲಸ ಹತ್ತಿರ ಬಂತೇ? ಕೆಲಸದ ತಿಳಿವಳಿಕೆ ಹತ್ತಿರ ಬಂತೇ? ನಮ್ಮ ಪ್ರಶ್ನೆ ಇದು.

ಎಂಟು ವರದಿ, ಒಂದೇ ಬರಹ

ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಮಗ ತನ್ನ ಇಂಟರ್ನ್‌ಶಿಪ್ ವರದಿಯನ್ನು ಹಿಡಿದುಕೊಂಡು ಮನೆಗೆ ಬಂದ. ಮೆಕ್ಯಾನಿಕಲ್ ವಿಭಾಗ, ಕೊನೆಯ ವರ್ಷ. ಸ್ಪೈರಲ್ ಬೈಂಡಿಂಗ್, ಮೇಲೆ ಪಾರದರ್ಶಕ ಹಾಳೆ, ಒಳಗೆ ನಲವತ್ತೆರಡು ಪುಟ. 'ಮಾಮೂ, ಇಂಗ್ಲಿಷಿನಲ್ಲಿ ತಪ್ಪಿದೆಯಾ ನೋಡಿ' ಎಂದ. ನಮ್ಮ ಇಂಗ್ಲಿಷ್ ಅವನಿಗಿಂತ ಗಟ್ಟಿಯೇನಲ್ಲ. ಆದರೂ ಓದಿದೆವು.

ತಪ್ಪು ಒಂದೂ ಇರಲಿಲ್ಲ. ಮೊದಲು ಕೃತಜ್ಞತೆ, ಆಮೇಲೆ ಕಂಪೆನಿಯ ಪರಿಚಯ, ಅದರ ದೂರದೃಷ್ಟಿ, ಅದರ ಧ್ಯೇಯ, ನಂತರ ವಾರದ ಲೆಕ್ಕ, ಕೊನೆಗೆ ಉಪಸಂಹಾರ. ಯಂತ್ರಗಳ ಚಿತ್ರಗಳಿದ್ದವು. ಯಂತ್ರದ ಪಕ್ಕದಲ್ಲಿ ಮನುಷ್ಯ ಇರಲಿಲ್ಲ. 'ಅಧ್ಯಯನ ಮಾಡಲಾಯಿತು', 'ಅರ್ಥಮಾಡಿಕೊಳ್ಳಲಾಯಿತು', 'ಪರಿಶೀಲಿಸಲಾಯಿತು' ಎಂಬ ಧಾಟಿಯ ವಾಕ್ಯಗಳು. ಯಾರು ಮಾಡಿದರು, ಯಾರು ಹೇಳಿಕೊಟ್ಟರು ಎಂದು ಕೇಳಬಾರದು.

ಮೂವತ್ತೊಂದನೆಯ ಪುಟದಲ್ಲಿ ಒಂದು ಹೆಸರಿತ್ತು. ನಮ್ಮ ಹುಡುಗನ ಹೆಸರಲ್ಲ. ಎರಡು ವರ್ಷ ಹಿಂದಿನ ಯಾರೋ ವಿದ್ಯಾರ್ಥಿಯದು. ಅಳಿಸಲು ಮರೆತುಹೋಗಿತ್ತು.

ಕೇಳಿದೆವು: 'ಏನು ಕಲಿತೆ ಬೇಟಾ?'

'ವರದಿಯಲ್ಲಿದೆಯಲ್ಲ ಮಾಮೂ' ಎಂದ.

ಬಿಡಿಸಿ ಕೇಳಿದಾಗ ವಿಷಯ ಹೊರಬಂತು. ನಗರದ ಒಂದು ಮಹಡಿಯ ಕೋಣೆಯಲ್ಲಿ ಒಂದು ಸಂಸ್ಥೆ. ಎಂಟು ಸಾವಿರ ರೂಪಾಯಿ ಕಟ್ಟಿದರೆ ಮೂರು ದಿನ ಪರದೆಯ ಮೇಲೆ ಪಾಠ, ಒಂದು ಪ್ರಮಾಣಪತ್ರ, ಒಂದು ವರದಿ. ಅವನ ತರಗತಿಯ ಎಂಟು ಮಂದಿ ಒಟ್ಟಿಗೆ ಹೋಗಿದ್ದರು. ಎಂಟು ವರದಿಗಳಲ್ಲೂ ಮೊದಲ ಪುಟದ ಹೆಸರು ಮಾತ್ರ ಬೇರೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಇದೆ. ಅದರ ಕಂಬಗಳಲ್ಲಿ ಒಂದರ ಕೆತ್ತನೆಯಂತೆ ಇನ್ನೊಂದಿಲ್ಲ ಎಂದು ನೋಡಿದವರು ಹೇಳುತ್ತಾರೆ. ಕಲ್ಲಿನ ಕಂಬಕ್ಕೆ ಇದ್ದ ಸ್ವಂತಿಕೆ ಆರು ಶತಮಾನಗಳ ನಂತರ ನಮ್ಮ ಮಕ್ಕಳ ಕಲಿಕೆಗೆ ಇಲ್ಲದೆ ಹೋಯಿತು.

ಎಂಟು ಸಾವಿರ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ನಮ್ಮ ತಂಗಿ ತನ್ನ ಒಂದು ಉಂಗುರವನ್ನು ಅಡವಿಟ್ಟಿದ್ದಳು. ನಮಗೆ ಆಮೇಲೆ ಗೊತ್ತಾಯಿತು. ಅಂದು ನಾವು ಮಾಡಿದ್ದೇನು? ಮೂವತ್ತೊಂದನೆಯ ಪುಟದ ಆ ಹೆಸರಿಗೆ ಪೆನ್ಸಿಲಿನಿಂದ ಗುರುತು ಹಾಕಿ, 'ಇದನ್ನು ತಿದ್ದಿಸು' ಎಂದು ಹೇಳಿ ಕಳುಹಿಸಿದೆವು. ಅವನು ತಿದ್ದಿಸಿದ. ಅಂಕವೂ ಬಂತು. ಸುಳ್ಳನ್ನು ದೋಷವಿಲ್ಲದಂತೆ ಮಾಡಿಕೊಟ್ಟವರು ನಾವೇ. ಈ ಲೇಖನವನ್ನು ಇತರರ ಮೇಲೆ ಬೆರಳು ತೋರಿಸಲು ಬರೆಯುತ್ತಿಲ್ಲ ಎಂಬುದಕ್ಕೆ ಇದೊಂದೇ ಸಾಕು.

ನಿಯಮ ಒಳ್ಳೆಯದು, ಪೇಟೆ ಕೆಟ್ಟದು

ಇಂಟರ್ನ್‌ಶಿಪ್ ಕಡ್ಡಾಯವಾದದ್ದು ಸದುದ್ದೇಶದಿಂದಲೇ. ಪುಸ್ತಕ ಓದಿ ಪರೀಕ್ಷೆ ಬರೆದವನಿಗೆ ಕಾರ್ಖಾನೆಯ ವಾಸನೆ ಗೊತ್ತಿಲ್ಲ ಎಂಬ ದೂರು ಬಹಳ ಹಳೆಯದು. ಎ.ಐ.ಸಿ.ಟಿ.ಇ. 2018ರ ತನ್ನ ಮಾದರಿ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್, ಪ್ರಾಜೆಕ್ಟ್ ಮುಂತಾದವುಗಳಿಗೆ ದೊಡ್ಡ ಪಾಲು ಕ್ರೆಡಿಟ್ ಇಟ್ಟಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2022ರ ಯೋಜನೆಯಲ್ಲಿ ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ಪಿಗೆ 14ರಿಂದ 20 ವಾರ ಎಂದು ಹೇಳಿತು. ಮೂರು ತಿಂಗಳಿಗಿಂತ ಕಡಿಮೆಯಿಲ್ಲದ ಕಾಲ ಒಬ್ಬ ಹುಡುಗ ಕೆಲಸದ ಜಾಗದಲ್ಲಿ ಇರಬೇಕು ಎಂಬುದು ಒಳ್ಳೆಯ ಆಲೋಚನೆ.

ಆದರೆ ಅಷ್ಟು ಮಂದಿಯನ್ನು ಒಳಗೆ ಬಿಟ್ಟುಕೊಳ್ಳುವ ಜಾಗ ಎಷ್ಟಿವೆ? ಒಂದು ತಾಲೂಕಿನ ಸುತ್ತ ನಾಲ್ಕೈದು ಕಾಲೇಜು, ಪ್ರತಿಯೊಂದರಿಂದ ವರ್ಷಕ್ಕೆ ನೂರಾರು ಮಕ್ಕಳು. ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕದಲ್ಲಿ ಹತ್ತು ಮಂದಿ ಕೆಲಸದವರಿದ್ದರೆ ಅಲ್ಲಿ ಇಪ್ಪತ್ತು ಇಂಟರ್ನ್‌ಗಳನ್ನು ಎಲ್ಲಿ ನಿಲ್ಲಿಸುವುದು? ಬೇಡಿಕೆ ಇದ್ದು ಪೂರೈಕೆ ಇಲ್ಲದಲ್ಲಿ ಪೇಟೆ ಹುಟ್ಟುತ್ತದೆ. ಕೆಲಸ ಕಲಿಯುವವನಿಗೆ ಯಜಮಾನ ಹಣ ಕೊಡುವುದು ಲೋಕದ ಪದ್ಧತಿ. ಇಲ್ಲಿ ಕಲಿಯುವವನೇ ಕೊಡುತ್ತಾನೆ; ಕಲಿಸುವ ಕೆಲಸವೂ ನಡೆಯುವುದಿಲ್ಲ.

ಇನ್ನು ಬ್ಯಾನರಿನ ಲಕ್ಷಗಳ ಮಾತು. ಎರಡು ದಶಕಗಳ ಹಿಂದೆ ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳು ಹೊಸಬರಿಗೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ಕೊಡುತ್ತಿದ್ದವು. ಈಗಲೂ ಬಹುಪಾಲು ಹೊಸಬರ ಸಂಬಳ ಮೂರೂವರೆ ಲಕ್ಷದ ಸುತ್ತಲೇ ತಿರುಗುತ್ತಿದೆ. ಈ ನಡುವೆ ಅಕ್ಕಿಯ ಬೆಲೆ, ಬೆಂಗಳೂರಿನ ಪಿ.ಜಿ. ಕೋಣೆಯ ಬಾಡಿಗೆ ಎಲ್ಲಿಗೆ ಹೋಗಿದೆ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಆಯ್ಕೆಯಾದವರೆಲ್ಲ ಸೇರಿಕೊಂಡರು ಎಂದೂ ಅಲ್ಲ. 2022ರ ಬ್ಯಾಚಿನ ಎಷ್ಟೋ ಮಕ್ಕಳು ಆಯ್ಕೆಯ ಪತ್ರ ಹಿಡಿದು ಕರೆಗಾಗಿ ವರ್ಷಕ್ಕೂ ಹೆಚ್ಚು ಕಾದರು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿಯ ಮಕ್ಕಳನ್ನು ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂದು ಕಳುಹಿಸಲಾಯಿತು. ಅವರಲ್ಲಿ ಕಾದು ಕಾದು ಸೇರಿದವರೂ ಇದ್ದರು. ಆ ಮಕ್ಕಳ ಮುಖಗಳೂ ಒಂದು ಕಾಲದಲ್ಲಿ ಎಲ್ಲೋ ಒಂದು ಬ್ಯಾನರಿನಲ್ಲಿ ನಕ್ಕಿರಬೇಕು. ಮರಳಿ ಬಂದವರಿಗೆ ಬ್ಯಾನರು ಕಟ್ಟುವವರಿಲ್ಲ.

ಒಂದು ಡೈರಿ

ಇನ್ನೊಂದು ಬರಹದ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಏಕಪಕ್ಷೀಯವಾಗುತ್ತದೆ.

ಪಾಣೆಮಂಗಳೂರು ಕಡೆಯ ಒಬ್ಬ ಹುಡುಗಿ, ಎಲೆಕ್ಟ್ರಿಕಲ್ ವಿಭಾಗದವಳು. ಬೈಕಂಪಾಡಿಯಲ್ಲಿ ಮೋಟಾರುಗಳ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಅವಳಿಗೆ ಜಾಗ ಸಿಕ್ಕಿತು. ಹಣ ಕೊಡಬೇಕಾಗಿರಲಿಲ್ಲ. ಸಿಗುವುದೂ ಇರಲಿಲ್ಲ. ಅವಳ ತಂದೆ ನಮ್ಮ ಬಳಿ ಬಂದು ಕುಳಿತರು. ನಾವು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೆ ಪೇಪರಿನಲ್ಲಿ ಹೆಸರು ಬರುವವರನ್ನೆಲ್ಲ ನಮ್ಮೂರಿನಲ್ಲಿ 'ಮಾಸ್ಟ್ರು' ಎಂದೇ ಕರೆಯುವುದು.

'ಮಾಸ್ಟ್ರೇ, ಮೂರು ಬಸ್ಸು ಬದಲಿಸಬೇಕು. ಬರುವಾಗ ಮಗ್ರಿಬ್ ಕಳೆಯುತ್ತದೆ. ಆನ್‌ಲೈನಿನಲ್ಲಿ ಮನೆಯಲ್ಲೇ ಕೂತು ಮಾಡುವಂಥದ್ದು ಉಂಟಂತೆ. ಅದು ಸಾಕಲ್ಲ?'

ಸಾಕು ಎಂದು ನಾವು ಹೇಳಲಿಲ್ಲ. ಸಾಲದು ಎಂದು ಗಟ್ಟಿಯಾಗಿ ಹೇಳುವ ಧೈರ್ಯವೂ ನಮಗೆ ಬರಲಿಲ್ಲ. ಧೈರ್ಯ ಮಾಡಿದ್ದು ಅವಳ ತಾಯಿ. ಮೊದಲ ವಾರ ಆ ತಾಯಿಯೇ ಸಂಜೆ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಬಂದು ನಿಂತಿದ್ದರು. ಎರಡನೆಯ ವಾರದಿಂದ ಅದರ ಅಗತ್ಯ ಬೀಳಲಿಲ್ಲ.

ಹುಡುಗಿ ಒಂದು ಡೈರಿ ಬರೆಯುತ್ತಿದ್ದಳು. ಕನ್ನಡದಲ್ಲಿ, ನಡುವೆ ಇಂಗ್ಲಿಷ್, ನಡುವೆ ಬ್ಯಾರಿ ಮಾತು. ನಮಗೆ ತೋರಿಸಿದ್ದು ಬಹಳ ನಾಚಿಕೆಯಿಂದ. ಅದರ ಒಂದು ದಿನದ ಬರಹದ ಸಾರ ಹೀಗಿದೆ. ಅವಳು ಮೊದಲ ಬಾರಿ ಸ್ವತಃ ವೈರಿಂಗ್ ಮಾಡಿದ ಪ್ಯಾನೆಲ್ಲಿಗೆ ಮೋಟಾರು ಜೋಡಿಸಿ ಕರೆಂಟು ಕೊಟ್ಟರು. ಮೋಟಾರು ತಿರುಗದೆ ಗುಂಯ್ ಎಂದಿತು. ಸ್ವಲ್ಪ ಹೊತ್ತಿನಲ್ಲಿ ರಿಲೇ ಬಿದ್ದು ಎಲ್ಲ ನಿಂತುಹೋಯಿತು. ಮೂರು ಫೇಸುಗಳಲ್ಲಿ ಒಂದು ಬರುತ್ತಿರಲಿಲ್ಲ. ಒಂದು ಸ್ಕ್ರೂವನ್ನು ಅವಳು ಪೂರ್ತಿ ಬಿಗಿದಿರಲಿಲ್ಲ. ಫೋರ್‌ಮನ್ ಬಯ್ಯಲಿಲ್ಲ. ಪ್ಯಾನೆಲ್ಲಿನ ಎಲ್ಲ ಸ್ಕ್ರೂಗಳನ್ನೂ ಅವಳ ಕೈಯಲ್ಲೇ ಇನ್ನೊಮ್ಮೆ ಬಿಗಿಸಿದರು. ಒಂದೊಂದು ಬಿಗಿದಾದ ಮೇಲೂ ಅದರ ತಲೆಯ ಮೇಲೆ ಬಣ್ಣದ ಒಂದು ಗೆರೆ ಎಳೆಯಬೇಕು. ಗೆರೆ ಇದ್ದರೆ ಬಿಗಿದಿದೆ ಎಂದರ್ಥ. ಮುಂದೆ ಸಡಿಲವಾದರೆ ಗೆರೆ ತಪ್ಪಿ ಕಾಣಿಸುತ್ತದೆ. ಆ ಸಂಜೆ ಬಸ್ಸಿನಲ್ಲಿ ಕುಳಿತವಳಿಗೆ ಬಸ್ಸಿನ ಸೀಟಿನ ಬೋಲ್ಟುಗಳೂ ಕಣ್ಣಿಗೆ ಬಿದ್ದವಂತೆ. 'ಇದಕ್ಕೆ ಯಾರೂ ಗೆರೆ ಎಳೆದಿಲ್ಲ' ಎಂದು ಬರೆದಿದ್ದಾಳೆ.

ಅವಳ ಕಾಲೇಜಿಗೆ ಸಲ್ಲಿಸಿದ ವರದಿಯಲ್ಲಿ ಇದು ಯಾವುದೂ ಇರಲಿಲ್ಲ. 'ಕಂಟ್ರೋಲ್ ಪ್ಯಾನೆಲ್‌ಗಳ ಜೋಡಣೆ ಮತ್ತು ಪರೀಕ್ಷೆಯನ್ನು ಅಭ್ಯಸಿಸಲಾಯಿತು' ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯವಿತ್ತು. ಏಕೆ ಎಂದರೆ, 'ಫಾರ್ಮ್ಯಾಟಿನಲ್ಲಿ ತಪ್ಪು ಬರೆಯಲು ಜಾಗ ಇಲ್ಲ ಅಂಕಲ್' ಎಂದಳು.

ನಮ್ಮ ಮಟ್ಟಿಗೆ ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. ನಿಜವಾಗಿ ಕಲಿತವಳ ವರದಿಯೂ ಹಣ ಕೊಟ್ಟು ಕೊಂಡವನ ವರದಿಯೂ ಮೇಜಿನ ಮೇಲೆ ಒಂದೇ ರೀತಿ ಕಾಣುತ್ತವೆ. ಮೌಲ್ಯಮಾಪನ ಮಾಡುವ ಉಪನ್ಯಾಸಕರು ಕೆಟ್ಟವರಲ್ಲ. ಓದಬೇಕಾದ ವರದಿಗಳು ಹಲವು, ಸಮಯ ಕಡಿಮೆ, ಬರಹದ ಅಚ್ಚು ಒಂದೇ. ಅವರು ಏನನ್ನು ಹಿಡಿದು ನಿಜ ಯಾವುದು, ನಕಲು ಯಾವುದು ಎಂದು ಬೇರೆ ಮಾಡಬೇಕು? ಕಲಿಕೆಯ ಗುರುತು ತಪ್ಪು. ತಪ್ಪನ್ನು ಅಳಿಸಿದ ಬರಹದಲ್ಲಿ ಕಲಿಕೆಯೂ ಅಳಿದುಹೋಗುತ್ತದೆ.

ಕೈಕಂಬದ ಯಾವುದೇ ಗ್ಯಾರೇಜಿಗೆ ಹೋಗಿ ನೋಡಿ. ಹೊಸದಾಗಿ ಬಂದ ಹುಡುಗ ಮೊದಲು ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತಾನೆ. ಆಮೇಲೆ ಕೇಳಿದ ನಂಬರಿನ ಸ್ಪ್ಯಾನರ್ ಕೈಗೆ ಕೊಡುತ್ತಾನೆ. ಹತ್ತು ಸಲ ತಪ್ಪು ಸ್ಪ್ಯಾನರ್ ಕೊಟ್ಟು ಬಯ್ಗುಳ ತಿಂದ ಮೇಲೆ ಅವನ ಕಣ್ಣೇ ಅಳತೆ ಹೇಳುತ್ತದೆ. ಉರ್ದುವಿನಲ್ಲಿ ಇವನನ್ನು ಶಾಗಿರ್ದ್ ಎನ್ನುತ್ತಾರೆ, ಕಲಿಸುವವನು ಉಸ್ತಾದ್. ಅವನು ಕಲಿಯುವುದು ಹುನರ್. 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿದಾಗಲೂ ಕಲಿಕೆ ನಡೆದದ್ದು ಹೀಗೆ, ಮಣ್ಣು ತುಳಿಯುತ್ತ, ಅಚ್ಚುಮೊಳೆ ಜೋಡಿಸುತ್ತ. ನಮ್ಮ ಕರಾವಳಿಗೆ ಈ ವಿದ್ಯೆ ಹೊಸತಲ್ಲ. ಪದವಿಯ ಜೊತೆ ಅದನ್ನು ಬೆಸೆಯುವುದು ಮಾತ್ರ ನಮಗೆ ಇನ್ನೂ ಬಂದಿಲ್ಲ.

ನಮ್ಮ ಕಥೆಗಳು ಏನು ಮಾಡುತ್ತಿವೆ?

ಬ್ಯಾನರಿನ ಬಗ್ಗೆ, ವರದಿಯ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮ ಕಥೆಗಳನ್ನು ಬಿಡುವುದು ನ್ಯಾಯವಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ನಾವು ಬರೆದ ಒಂದು ಕಥೆಯಲ್ಲಿ ಇಂಜಿನಿಯರ್ ಮಗ ಈದ್‌ಗೆ ಊರಿಗೆ ಬರುತ್ತಾನೆ. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ತಾಯಿಗೆ ಸೀರೆ ತರುತ್ತಾನೆ, ತಂದೆಯೊಡನೆ ಜಗಳವಾಡುತ್ತಾನೆ, ಮರಳಿ ಹೋಗುತ್ತಾನೆ. ಮೆಚ್ಚಿದವರಿದ್ದರು. ಈಚೆಗೆ ಅದನ್ನು ಮತ್ತೆ ಓದಿದಾಗ ನಮಗೆ ಮುಖ ಬಿಸಿಯಾಯಿತು. ಆ ಹುಡುಗ ಏನು ಕೆಲಸ ಮಾಡುತ್ತಾನೆ ಎಂಬುದು ಕಥೆಯಲ್ಲಿ ಎಲ್ಲಿಯೂ ಇಲ್ಲ. ಬರೆಯುವಾಗ ನಮಗೂ ಗೊತ್ತಿರಲಿಲ್ಲ. ಅವನು ಮನುಷ್ಯನಲ್ಲ, ಚೀಲ. ಬ್ಯಾನರಿಗೂ ನಮ್ಮ ಕಥೆಗೂ ಏನು ವ್ಯತ್ಯಾಸ?

ಕರಾವಳಿಯ ಮುಸ್ಲಿಮ್ ಬದುಕು ಕನ್ನಡ ಕಥೆಗೆ ಬಂದ ಬಗೆಯನ್ನು ನೆನೆದರೆ ಹೆಮ್ಮೆಯಾಗುತ್ತದೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ಬೊಳುವಾರು ಮಹಮ್ಮದ್ ಕುಂಞಿಯವರ ಮುತ್ತುಪ್ಪಾಡಿ, ಫಕೀರ್ ಮುಹಮ್ಮದ್ ಕಟ್ಪಾಡಿಯವರ ಕಥೆಗಳು ನಮಗೆ ದಾರಿ ತೋರಿಸಿದವು. 2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪಡೆದು ಮುಸ್ಲಿಮ್ ಬದುಕನ್ನು ಲೋಕದ ಮುಂದೆ ಇಟ್ಟಿತು. ಮದುವೆ, ತಲಾಖ್, ಹೆಣ್ಣಿನ ಸಂಕಟ, ಧರ್ಮದ ಹೆಸರಿನ ದರ್ಪ, ನೆರೆಹೊರೆಯ ಪ್ರೀತಿ ಮತ್ತು ಬಿರುಕು ಇವುಗಳನ್ನು ಮೊದಲು ಹೇಳಬೇಕಾಗಿತ್ತು, ಅವರು ಹೇಳಿದರು. ಅವರ ಹಿಂದೆ ಬಂದ ನಾವು ಅದೇ ವಿಷಯಗಳನ್ನು ಇನ್ನಷ್ಟು ತೆಳ್ಳಗೆ ಬರೆಯುತ್ತ ಕುಳಿತೆವು. ನಾವು ಓದಿದಷ್ಟರಲ್ಲಿ, ಮಿಜಾರಿನ ಹಾಸ್ಟೆಲಿನಲ್ಲಿ ಕುಳಿತು ಅರ್ಜಿಯ ಮೇಲೆ ಅರ್ಜಿ ಹಾಕುವ ಹುಡುಗ, ಬೈಕಂಪಾಡಿಯ ಬಸ್ಸಿಗೆ ಕಾಯುವ ಹುಡುಗಿ ನಮ್ಮ ತಲೆಮಾರಿನ ಕಥೆಗಳಲ್ಲಿ ಮುಖ್ಯ ಪಾತ್ರವಾಗಿ ಕಂಡಿಲ್ಲ.

ಕನ್ನಡದಲ್ಲಿ ಕೆಲಸವನ್ನು ಬಲ್ಲ ಬರಹ ಇಲ್ಲವೆಂದಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಅಲ್ಲಿ ಬೇಸಾಯ ಮಾಡುವ ಆಸೆ, ಅದನ್ನು ಕೊಡದ ಜಾತಿ, ತೀರದ ಸಾಲ ಎಲ್ಲ ದುಡಿಮೆಯ ವಿವರದ ಮೂಲಕವೇ ಬರುತ್ತವೆ. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರು 1979ರಲ್ಲಿ 'ಶಿಕಾರಿ' ಬರೆದರು. ಕಂಪೆನಿಯ ಅಧಿಕಾರಿ ನಾಗಪ್ಪ ತನಿಖೆಯ ನೆಪದಲ್ಲಿ ಕೆಲಸದಿಂದ ದೂರವಾದಾಗ ಅನುಭವಿಸುವ ಭಯ, ಇಂದು ಮಿಂಚಂಚೆಯಲ್ಲಿ ಕೆಲಸ ಕಳೆದುಕೊಳ್ಳುವ ಹುಡುಗನಿಗೆ ಅಪರಿಚಿತವಲ್ಲ. ಇಂಜಿನಿಯರಿಂಗ್ ಓದಿದ ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಕಾದಂಬರಿಯ ನಿರೂಪಕನಿಗೆ ಮನೆಯ ಮಸಾಲೆ ಕಂಪೆನಿಯಲ್ಲಿ ಹುದ್ದೆ ಇದೆ, ಸಂಬಳ ಇದೆ, ಕೆಲಸ ಮಾತ್ರ ಇಲ್ಲ. ಕೆಲಸವಿಲ್ಲದ ಹುದ್ದೆ ಒಬ್ಬ ಗಂಡಸನ್ನು, ಒಂದು ಮನೆಯನ್ನು ಹೇಗೆ ಒಳಗಿನಿಂದ ತಿನ್ನುತ್ತದೆ ಎಂಬುದನ್ನು ಇಷ್ಟು ಚಿಕ್ಕ ಪುಸ್ತಕದಲ್ಲಿ ಹೇಳಿದವರು ಕಡಿಮೆ. ನಮ್ಮ ಸುರತ್ಕಲ್ಲಿನಲ್ಲೇ ಓದಿ ಹಲವು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದ ವಸುಧೇಂದ್ರರ ಬರಹಗಳಲ್ಲಿ ಆ ಲೋಕದ ಒಳಗಿನ ಗಾಳಿ ಇದೆ.

ಉರ್ದು ಶಾಲೆಯಲ್ಲಿ ಕಲಿತವರು ಪ್ರೇಮ್‌ಚಂದರ 'ನಮಕ್ ಕಾ ದಾರೋಗಾ' ಮರೆಯಲಾರರು. ಕೆಲಸ ಹುಡುಕಲು ಹೊರಟ ಮಗನಿಗೆ ತಂದೆ, ಸಂಬಳಕ್ಕಿಂತ ಮೇಲಿನ ಸಂಪಾದನೆ ನೋಡು ಎಂದು ಬುದ್ಧಿ ಹೇಳುವುದರಿಂದ ಆ ಕಥೆ ಶುರುವಾಗುತ್ತದೆ. ನೂರು ವರ್ಷ ಹಿಂದಿನ ಆ ತಂದೆ ಇಂದು ಬಂಟ್ವಾಳದಲ್ಲಿದ್ದರೆ, ಏನು ಕೆಲಸ ಎಂದು ಕೇಳದೆ 'ಪ್ಯಾಕೇಜು ಎಷ್ಟು?' ಎಂದು ಕೇಳುತ್ತಿದ್ದ. ಮದುವೆಯ ಮಾತುಕತೆಯಲ್ಲಿ ನಾವೆಲ್ಲ ಕೇಳುವುದೂ ಅದನ್ನೇ.

ಕಥೆ ಇಲ್ಲದಿದ್ದರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಬೀಡಿ ಕಟ್ಟುವವಳ ಬೆನ್ನುನೋವು, ಮರಳುಗಾಡಿನಲ್ಲಿ ದುಡಿದವನ ಒಂಟಿತನ ನಮ್ಮ ಮನೆಗಳಲ್ಲಿ ಮಾತಾಗುತ್ತಿತ್ತು, ಹಾಡಾಗುತ್ತಿತ್ತು, ಕಥೆಯಾಗುತ್ತಿತ್ತು. ಆದ್ದರಿಂದ ಆ ಕೆಲಸದ ಕಷ್ಟ ಮನೆಯವರಿಗೆ ಗೊತ್ತಿತ್ತು. ಇಂಜಿನಿಯರ್ ಮಗನ ಕೆಲಸದ ಬಗ್ಗೆ ಮನೆಯಲ್ಲಿ ಯಾರಿಗೂ ಒಂದು ಮಾತು ಗೊತ್ತಿಲ್ಲ. ಅವನು ಸೋತಾಗ ಅದನ್ನು ಹೇಳಿಕೊಳ್ಳಲು ಭಾಷೆಯೂ ಇಲ್ಲ, ಕೇಳುವ ಕಿವಿಯೂ ಇಲ್ಲ. ಕೆಲಸ ಕಳೆದುಕೊಂಡ ಮೇಲೂ ತಿಂಗಳುಗಟ್ಟಲೆ ಬೆಂಗಳೂರಿನ ಕೋಣೆಯಲ್ಲೇ ಕುಳಿತು ಮನೆಗೆ 'ಎಲ್ಲ ಚೆನ್ನಾಗಿದೆ' ಎಂದು ಫೋನು ಮಾಡುವ ಮಕ್ಕಳಿದ್ದಾರೆ. ಬ್ಯಾನರು ಕಟ್ಟಿದ ಊರಿಗೆ ಬರಿಗೈಯಲ್ಲಿ ಬರುವುದು ಹೇಗೆ?

ಹತ್ತಿರದಲ್ಲೇ ಇರುವ ಕೆಲಸ

ಕೆಲಸವೆಂದರೆ ದೂರದ ಗಾಜಿನ ಕಟ್ಟಡ ಎಂಬ ಚಿತ್ರವೂ ಬ್ಯಾನರು ಕೊಟ್ಟದ್ದೇ. ಮಂಗಳೂರು ನಗರ ಕುಡಿಯುವ ನೀರು ನಿಲ್ಲುವುದು ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ. ಅದೇ ನೇತ್ರಾವತಿಗೆ ಶಂಭೂರಿನಲ್ಲಿ ಅಡ್ಡ ಕಟ್ಟಿ ವಿದ್ಯುತ್ ತೆಗೆಯುತ್ತಾರೆ. ದಿನವೂ ಆ ದಾರಿಯಲ್ಲಿ ಕಾಲೇಜಿನ ಬಸ್ಸುಗಳು ಓಡುತ್ತವೆ. ಒ‍ಳಗೆ ಹೋಗಿ ಗೇಟು ಎತ್ತುವುದು ಹೇಗೆ ಎಂದು ನೋಡಿದ ವಿದ್ಯಾರ್ಥಿಗಳು ಎಷ್ಟು ಮಂದಿ?

ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕಿನಂಥ ಯಂತ್ರವನ್ನು ಮಾಡಿದ್ದು 2019ರಲ್ಲಿ ದೇಶಕ್ಕೇ ಸುದ್ದಿಯಾಯಿತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಬೇಕು, ಮರ ಏರುವ ಕೆಲಸದವರು ಸಿಗುವುದಿಲ್ಲ, ಜಾರುವ ಮರವನ್ನು ವಯಸ್ಸಾದ ಕೃಷಿಕ ತಾನೇ ಏರಲಾರ. ಈ ಕಷ್ಟದಿಂದ ಆ ಯಂತ್ರ ಹುಟ್ಟಿತು. ಅವರು ಇಂಜಿನಿಯರ್ ಅಲ್ಲ. ಆದರೆ ಇಂಜಿನಿಯರ್ ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳಿಕೊಂಡರು. ನಮ್ಮ ಮೂರು ತಾಲೂಕುಗಳಲ್ಲಿ ಅಡಿಕೆ ಸುಲಿಯುವುದರಿಂದ ಹಿಡಿದು ಹಲಸು ಒಣಗಿಸುವವರೆಗೆ ಇಂಥ ನೂರು ಪ್ರಶ್ನೆಗಳು ಬಿದ್ದುಕೊಂಡಿವೆ. ಹದಿನಾಲ್ಕು ವಾರ ಒಂದು ತೋಟದಲ್ಲಿ ಕಳೆದರೂ ಅದು ಇಂಟರ್ನ್‌ಶಿಪ್ ಎನಿಸಿಕೊಳ್ಳುವ ದಿನ ಬರಬೇಕು.

ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯನ್ನು ನೋಡಿ. ಅಲ್ಲಿನ ತರಬೇತಿಗಳನ್ನು ಗುರುತಿಸುವುದೇ ಕೆಲಸದ ಹೆಸರಿನಿಂದ: ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಹೊಲಿಗೆ. ಮುಗಿಸಿದವನು ಏನು ಮಾಡುತ್ತಾನೆ ಎಂದು ಅವನ ಅಜ್ಜಿಗೂ ಅರ್ಥವಾಗುತ್ತದೆ. ಈ ಮಾದರಿಯನ್ನೇ ಹಿಡಿದು ಕೇಂದ್ರ ಸರಕಾರ 2009ರಿಂದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳನ್ನು ತೆರೆಯಲು ಹೊರಟಿತು. ಪದವಿಯಿಲ್ಲದವರಿಗೆ ಇಷ್ಟು ಸ್ಪಷ್ಟವಾಗಿ ಕಲಿಸುವ ತಾಲೂಕಿನಲ್ಲಿ ಪದವೀಧರನ ಕಲಿಕೆ ಮಾತ್ರ ಏಕೆ ಇಷ್ಟು ಮಸುಕು?

ಕಾನೂನಿನ ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ತಂದು ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಸೇರಿಸಲಾಯಿತು. 2019ರ ನಿಯಮಗಳು 30 ಮತ್ತು ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದನ್ನು ಕಡ್ಡಾಯ ಮಾಡಿದವು. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿ ಮಾಡಿದವು. ಇದರಲ್ಲಿ ಕೇಂದ್ರ ಸರಕಾರದ ಪಾಲೂ ಇದೆ. ಇಲ್ಲಿ ಹಣ ಹರಿಯುವ ದಿಕ್ಕು ಸರಿಯಾಗಿದೆ: ಕಲಿಸುವವನಿಂದ ಕಲಿಯುವವನ ಕಡೆಗೆ. ರಾಜ್ಯ ಸರಕಾರ 2024ರ ಜನವರಿಯಲ್ಲಿ ಕೊಡತೊಡಗಿದ ಯುವನಿಧಿಯ 3,000 ರೂಪಾಯಿಯ ಬಗ್ಗೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಈ ಅಪ್ರೆಂಟಿಸ್ ದಾರಿಯ ಬಗ್ಗೆ ಕೇಳಿದರೆ ಹತ್ತರಲ್ಲಿ ಒಬ್ಬರೂ ಹೌದೆನ್ನುವುದಿಲ್ಲ. ಬ್ಯಾನರಿಗೆ ಹಾಕುವಷ್ಟು ದೊಡ್ಡ ಅಂಕಿ ಅದಲ್ಲವಲ್ಲ.

ನಮ್ಮ ಬೇಡಿಕೆ

ಕಾಲೇಜುಗಳಿಗೆ ಎರಡು ಮಾತು. ಬ್ಯಾನರಿನಲ್ಲಿ ಸಂಬಳದ ಅಂಕಿಯ ಜೊತೆ ಕೆಲಸದ ಒಂದು ಸಾಲು ಬರೆಯಿರಿ. ಇಂಟರ್ನ್‌ಶಿಪ್ ವರದಿಯಲ್ಲಿ 'ನಾನು ಮಾಡಿದ ತಪ್ಪು, ಅದನ್ನು ತಿದ್ದಿದವರು' ಎಂಬ ಒಂದು ಪುಟ ಕಡ್ಡಾಯ ಮಾಡಿ, ಅದನ್ನು ಕನ್ನಡದಲ್ಲೂ ಬರೆಯಲು ಬಿಡಿ. ಕೊಂಡು ತಂದ ವರದಿಯಲ್ಲಿ ಆ ಪುಟವನ್ನು ತುಂಬುವುದು ಅಷ್ಟು ಸುಲಭವಲ್ಲ.

ನಮ್ಮ ಜಮಾಅತ್‌ಗಳಿಗೆ, ಸಂಘಟನೆಗಳಿಗೆ ಒಂದು ಮಾತು. ವಿದ್ಯಾರ್ಥಿವೇತನ ಕೊಡುತ್ತೀರಿ, ಅಂಕ ತೆಗೆದವರಿಗೆ ಸನ್ಮಾನ ಮಾಡುತ್ತೀರಿ. ಒಳ್ಳೆಯದು. ಅದರಲ್ಲಿ ಒಂದು ಪಾಲನ್ನು ಇಂಟರ್ನ್‌ಶಿಪ್ಪಿಗೆ ಹೋಗುವ ಹೆಣ್ಣುಮಕ್ಕಳ ಬಸ್ ಪಾಸಿಗೆ, ಮಂಗಳೂರಿನಲ್ಲಿ ಮೂರು ತಿಂಗಳು ಇರಲು ಒಂದು ಹಾಸ್ಟೆಲಿನ ಹಾಸಿಗೆಗೆ ಇಡಿ. ಊರಿನ ಉದ್ಯಮಿಗಳು ವೇದಿಕೆಯಲ್ಲಿ ಶಾಲು ಹೊದೆಸುವ ಬದಲು ತಮ್ಮ ಘಟಕದಲ್ಲಿ ಇಬ್ಬರಿಗೆ ಜಾಗ ಕೊಡಲಿ.

ಉಳಿದದ್ದು ನಮ್ಮಂಥ ಬರೆಯುವವರ ಪಾಲಿನದು. ನಮ್ಮ ತಂಗಿಯ ಮಗ ಒಂದೂವರೆ ವರ್ಷ ಮನೆಯಲ್ಲಿ ಕುಳಿತು, ಆಮೇಲೆ ಅಪ್ರೆಂಟಿಸ್ ಆಗಿ ಒಂದು ಕಾರ್ಖಾನೆ ಸೇರಿದ. ಸೇರಿದ ಒಂಬತ್ತನೆಯ ದಿನ ಫೋನು ಮಾಡಿದ. ಪಂಪಿನ ಸೀಲು ಹಾಕುವಾಗ ತಿರುಗುಮುರುಗಾಗಿ ಹಾಕಿದ್ದನಂತೆ. ನೀರು ಸೋರಿ ಸೂಪರ್‌ವೈಸರರ ಅಂಗಿಯೆಲ್ಲ ಒದ್ದೆ. ಅರ್ಧ ಗಂಟೆ ಅದನ್ನೇ ಹೇಳಿದ. ನಲವತ್ತೆರಡು ಪುಟದಲ್ಲಿ ಇಲ್ಲದ್ದು ಆ ಅರ್ಧ ಗಂಟೆಯಲ್ಲಿತ್ತು. ನಡುವೆ ನಾವು 'ಸೀಲು ಎಂದರೆ ಯಾವುದು?' ಎಂದು ಕೇಳಿದೆವು. ಅವನು ನಕ್ಕು, 'ಮಾಮೂ, ಒಂದು ದಿನ ಬನ್ನಿ, ತೋರಿಸುತ್ತೇನೆ' ಎಂದ. ಆ ಉಂಗುರವನ್ನು ಅವನ ಎರಡನೆಯ ತಿಂಗಳ ಹಣದಿಂದ ಬಿಡಿಸಿದರು.

ನಾವು ಇನ್ನೂ ಹೋಗಿಲ್ಲ. ಹೋಗಬೇಕು. ಅಷ್ಟರವರೆಗೆ ಈ ಪುಟಗಳನ್ನು ಓದುವ ಇಂಜಿನಿಯರ್ ಮಕ್ಕಳಲ್ಲಿ ಒಂದು ವಿನಂತಿ. ನಿಮ್ಮ ಕೆಲಸದ ಮೊದಲ ತಿಂಗಳಿನ ಬಗ್ಗೆ, ಸಿಗದ ಕೆಲಸದ ಬಗ್ಗೆ, ನೀವು ಮಾಡಿದ ತಪ್ಪಿನ ಬಗ್ಗೆ ಈ ಪತ್ರಿಕೆಗೆ ಬರೆಯಿರಿ. ಭಾಷೆ ಹೇಗಿದ್ದರೂ ಸರಿ, ಬ್ಯಾರಿ ಬೆರೆತ ಕನ್ನಡವಾದರೂ ಸರಿ. 'ಅಧ್ಯಯನ ಮಾಡಲಾಯಿತು' ಎಂದು ಮಾತ್ರ ಬರೆಯಬೇಡಿ.